ಕೊನೆಯ ಬೆಲ್ ಹೊಡೆದ ಮೇಲೆ: ಅಮೆರಿಕದ ಪಬ್ಲಿಕ್ ಹೈಸ್ಕೂಲಿನ ಇನ್ನೊಂದು ಇತಿಹಾಸ



ಈ ವರ್ಷ ನಮ್ಮ ಕನ್ನಡ ಶಾಲೆಯಿಂದ ಪದವಿ ಪಡೆಯುತ್ತಿರುವ ಮಕ್ಕಳು ವಾರಕ್ಕೆ ಒಂದು ದಿನ ನಮ್ಮವರು. ಉಳಿದ ಐದು ದಿನ ಅವರು ಕ್ಯಾಲಿಫೋರ್ನಿಯದ ಪಬ್ಲಿಕ್ ಹೈಸ್ಕೂಲುಗಳ ಮಕ್ಕಳು. ಆ ಹೈಸ್ಕೂಲಿನ ಪಾಠಗಳ ವಿಚಾರ ನಮಗೆಲ್ಲ ಚೆನ್ನಾಗಿ ಗೊತ್ತು. ಯಾವ ಎಪಿ ತಗೊಂಡೆ, ಜಿಪಿಎ ಎಷ್ಟು ಬಂತು ಎಂದು ಊಟದ ಹೊತ್ತಿನಲ್ಲಿ ಕೇಳುತ್ತಲೇ ಇರುತ್ತೇವೆ. ಆದರೆ ಕೊನೆಯ ಬೆಲ್ ಹೊಡೆದ ಮೇಲೆ ಅಲ್ಲಿ ಶುರುವಾಗುವ ಇನ್ನೊಂದು ಶಾಲೆಯಿದೆ. ಕ್ಲಬ್ಬುಗಳು, ಬ್ಯಾಂಡು, ನಾಟಕ, ಟೀಮುಗಳು, ವಿದ್ಯಾರ್ಥಿ ಮಂಡಳಿ, ಕೌನ್ಸೆಲರ್ ಕೋಣೆ, ಇವೆಲ್ಲ ಎಲ್ಲಿಂದ ಬಂದವು, ಯಾಕೆ ಬಂದವು ಎಂಬುದು ನಮ್ಮಲ್ಲಿ ಬಹಳ ಜನರಿಗೆ ಗೊತ್ತಿಲ್ಲ. ಅದಕ್ಕೆ ಕಾರಣವೂ ಇದೆ. ನಮ್ಮೂರ ಹೈಸ್ಕೂಲುಗಳಲ್ಲಿ ಪಿ.ಟಿ. ಮೇಷ್ಟ್ರ ಪೀರಿಯಡ್ಡು, ಎನ್‌ಸಿಸಿ, ಸೇವಾದಳ, ವರ್ಷಕ್ಕೊಮ್ಮೆ ಗ್ಯಾದರಿಂಗು ಇಷ್ಟರಲ್ಲೇ ಪಾಠದ ಹೊರಗಿನ ಲೋಕ ಮುಗಿಯುತ್ತಿತ್ತು. ಎಸ್ಸೆಸ್ಸೆಲ್ಸಿ ಹತ್ತಿರ ಬಂದರೆ ಅದಕ್ಕೂ ಬೀಗ.

ಇಲ್ಲಿ ಹಾಗಲ್ಲ. ಇಲ್ಲಿನ ಹೈಸ್ಕೂಲು ಸುಮಾರು ನೂರು ವರ್ಷಗಳಿಂದ ಈ ಲೋಕವನ್ನು ತನ್ನ ಕೆಲಸದ ಭಾಗವೆಂದೇ ತಿಳಿದಿದೆ. ಆ ಚರಿತ್ರೆಯನ್ನು ಸ್ವಲ್ಪ ತಿಳಿದುಕೊಂಡರೆ ನಮ್ಮ ಮಕ್ಕಳ ಹೈಸ್ಕೂಲು ದಿನಗಳನ್ನು ನಾವು ನೋಡುವ ರೀತಿ ಬದಲಾಗಬಹುದು ಎಂಬ ನಂಬಿಕೆಯಿಂದ ಈ ಲೇಖನ.

ಎಲ್ಲರ ಶಾಲೆಯಾದ ಬಗೆ

ಅಮೆರಿಕದ ಮೊದಲ ಪಬ್ಲಿಕ್ ಹೈಸ್ಕೂಲು 1821ರಲ್ಲಿ ಬಾಸ್ಟನ್ ನಗರದಲ್ಲಿ ಆರಂಭವಾಯಿತು. ಅದು ಗಂಡುಹುಡುಗರಿಗೆ ಮಾತ್ರ. ಮುಂದೆ ಬೇರೆ ಊರುಗಳಲ್ಲೂ ಹೈಸ್ಕೂಲುಗಳು ಬಂದವು, ಆದರೆ ಅವುಗಳ ಖರ್ಚಿಗೆ ಊರವರೆಲ್ಲ ತೆರಿಗೆ ಕೊಡಬೇಕೇ ಎಂಬ ಜಗಳ ನಿಲ್ಲಲಿಲ್ಲ. ಮಿಷಿಗನ್ ರಾಜ್ಯದ ಕಲಮಜೂ ಊರಿನ ಕೆಲವು ತೆರಿಗೆದಾರರು ಈ ಪ್ರಶ್ನೆಯನ್ನು ಕೋರ್ಟಿಗೆ ಒಯ್ದರು. ಹೈಸ್ಕೂಲಿಗೂ ತೆರಿಗೆ ಹಣ ಬಳಸಬಹುದು ಎಂದು ಆ ರಾಜ್ಯದ ಸುಪ್ರೀಂ ಕೋರ್ಟು 1874ರಲ್ಲಿ ತೀರ್ಪು ಕೊಟ್ಟಿತು. ಬೇರೆ ರಾಜ್ಯಗಳೂ ಅದೇ ದಾರಿ ಹಿಡಿದವು.

ಆದರೂ 1910ರಲ್ಲಿ ಹೈಸ್ಕೂಲು ಮುಗಿಸುತ್ತಿದ್ದವರು ಆ ವಯಸ್ಸಿನ ನೂರು ಮಕ್ಕಳಲ್ಲಿ ಸುಮಾರು ಒಂಬತ್ತು ಮಂದಿ. 1940ರ ಹೊತ್ತಿಗೆ ಅರ್ಧದಷ್ಟು ಮಕ್ಕಳು ಮುಗಿಸುತ್ತಿದ್ದರು. ಮೂವತ್ತೇ ವರ್ಷಗಳಲ್ಲಿ ಆದ ಈ ಬದಲಾವಣೆ ಸಣ್ಣದಲ್ಲ. ರೈತರ ಮಕ್ಕಳು, ಕಾರ್ಖಾನೆ ಕೆಲಸಗಾರರ ಮಕ್ಕಳು, ಇಟಲಿ, ಪೋಲೆಂಡ್, ರಷ್ಯಾ, ಜಪಾನುಗಳಿಂದ ವಲಸೆ ಬಂದವರ ಮಕ್ಕಳು ಒಂದೇ ಕಟ್ಟಡದೊಳಗೆ ಬಂದರು. ಮನೆಮಾತು ಬೇರೆ, ಊಟ ಬೇರೆ, ದೇವರು ಬೇರೆ. ಇವರನ್ನೆಲ್ಲ ಒಂದೇ ಕ್ಲಾಸಿನಲ್ಲಿ ಕೂರಿಸಿ ಗಣಿತ ಕಲಿಸಬಹುದು. ಆದರೆ ಇವರು ಒಬ್ಬರಿಗೊಬ್ಬರು ಏನಾಗಬೇಕು? ಹೈಸ್ಕೂಲಿನ ಮುಂದೆ ನಿಂತ ಹೊಸ ಪ್ರಶ್ನೆ ಇದು.

ಉತ್ತರದ ಒಂದು ಭಾಗವನ್ನು ಮಕ್ಕಳೇ ಆಗಲೇ ಹುಡುಕಿಕೊಂಡಿದ್ದರು. ಹತ್ತೊಂಬತ್ತನೇ ಶತಮಾನದಲ್ಲೇ ಹೈಸ್ಕೂಲು ಹುಡುಗರು ಚರ್ಚಾಕೂಟ ನಡೆಸುತ್ತಿದ್ದರು, ಪತ್ರಿಕೆ ಅಚ್ಚುಹಾಕಿಸುತ್ತಿದ್ದರು, ಫುಟ್‌ಬಾಲ್ ಟೀಮು ಕಟ್ಟುತ್ತಿದ್ದರು. ಇದರಲ್ಲಿ ಮೇಷ್ಟ್ರುಗಳ ಕೈ ಇರುತ್ತಿದ್ದದ್ದು ಕಡಿಮೆ. ಅದರಿಂದ ತೊಂದರೆಗಳೂ ಆದವು. ಆಟದಲ್ಲಿ ಕೈಕಾಲು ಮುರಿಯುತ್ತಿದ್ದವು. ಉಳ್ಳವರ ಮಕ್ಕಳು ತಮಗೆ ಬೇಕಾದವರನ್ನು ಮಾತ್ರ ಸೇರಿಸಿಕೊಂಡು ಗುಟ್ಟಿನ ಸಂಘಗಳನ್ನು ಕಟ್ಟಿಕೊಂಡರು. ಎಲ್ಲರ ತೆರಿಗೆಯಿಂದ ನಡೆಯುವ ಶಾಲೆಯಲ್ಲಿ ಇಂಥ ಗುಟ್ಟಿನ ಸಂಘ ಕೂಡದು ಎಂದು ಕ್ಯಾಲಿಫೋರ್ನಿಯ 1909ರಲ್ಲೇ ಕಾನೂನು ಮಾಡಿತು. ಕ್ರಮೇಣ ಶಾಲೆಗಳೇ ಈ ಚಟುವಟಿಕೆಗಳನ್ನು ಒಳಗೆ ತಂದುಕೊಂಡವು. ಇವತ್ತು ನಮ್ಮ ಮಗಳು ಒಂದು ಕ್ಲಬ್ಬು ಶುರುಮಾಡಲು ಹೋದರೆ ಅಡ್ವೈಸರ್ ಆಗಿ ಒಬ್ಬ ಟೀಚರ್ ಬೇಕು, ನಿಯಮಾವಳಿ ಬರೆದುಕೊಡು, ಹಣದ ಲೆಕ್ಕ ಇಡು ಎನ್ನುತ್ತಾರಲ್ಲ, ಅದರ ಬೇರು ಇರುವುದು ಈ ಕಾಲದಲ್ಲಿ.

1918ರಲ್ಲಿ ಅಮೆರಿಕದ ರಾಷ್ಟ್ರೀಯ ಶಿಕ್ಷಣ ಸಂಘ ನೇಮಿಸಿದ್ದ ಸಮಿತಿಯೊಂದು ಹೈಸ್ಕೂಲು ಶಿಕ್ಷಣದ ಏಳು ಗುರಿಗಳನ್ನು ಪಟ್ಟಿಮಾಡಿತು. ಆ ಪಟ್ಟಿಯಲ್ಲಿ ಮೊದಲು ಬರುವುದು ಆರೋಗ್ಯ. ಓದು ಬರಹ ಲೆಕ್ಕ ಎರಡನೆಯದು. ಆಮೇಲೆ ಮನೆಯ ಒಳ್ಳೆಯ ಸದಸ್ಯನಾಗುವುದು, ಉದ್ಯೋಗ, ಪೌರಜೀವನ, ಬಿಡುವಿನ ವೇಳೆಯ ಸದ್ಬಳಕೆ, ಕೊನೆಗೆ ಸನ್ನಡತೆ. ನೂರು ವರ್ಷಗಳ ಹಿಂದೆಯೇ ಬಿಡುವಿನ ವೇಳೆಯನ್ನೂ ಶಿಕ್ಷಣದ ಗುರಿಗಳಲ್ಲಿ ಸೇರಿಸಿದ್ದರು ಎಂಬುದನ್ನು ಮಕ್ಕಳ ಶನಿವಾರ ಭಾನುವಾರಗಳಿಗೂ ಟೈಂಟೇಬಲ್ ಹಾಕುವ ನಾವು ಗಮನಿಸಬೇಕು.

ಆ ಮೇಲಿನ ವರ್ಷಗಳಲ್ಲಿ ಇಂದಿಗೂ ನಾವು ಕೇಳುವ ಹೆಸರುಗಳು ಹುಟ್ಟಿದವು. ನ್ಯಾಷನಲ್ ಆನರ್ ಸೊಸೈಟಿ ಬಂದದ್ದು 1921ರಲ್ಲಿ. ಸಮಾಜಸೇವೆಯ ಕೀ ಕ್ಲಬ್ ಮೊದಲು ಶುರುವಾದದ್ದು 1925ರಲ್ಲಿ, ನಮ್ಮದೇ ರಾಜ್ಯದ ಸ್ಯಾಕ್ರಮೆಂಟೊ ಹೈಸ್ಕೂಲಿನಲ್ಲಿ. ಕೊಲಂಬಿಯ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನ ಎಲ್ಬರ್ಟ್ ಫ್ರೆಟ್‌ವೆಲ್ 1931ರಲ್ಲಿ ಈ ಚಟುವಟಿಕೆಗಳ ಬಗ್ಗೆಯೇ ಒಂದು ದೊಡ್ಡ ಪುಸ್ತಕ ಬರೆದರು. ಪಾಠದಿಂದ ಹುಟ್ಟಿದ ಆಸಕ್ತಿ ಚಟುವಟಿಕೆಯಾಗಿ ಬೆಳೆಯಬೇಕು, ಆ ಚಟುವಟಿಕೆ ಮತ್ತೆ ಪಾಠಕ್ಕೆ ಜೀವ ತುಂಬಬೇಕು ಎಂಬುದು ಅವರ ವಿಚಾರದ ತಿರುಳು.

ಪಟ್ಟಿಯ ಹುಟ್ಟು

ಇದೇ 1920ರ ದಶಕದಲ್ಲಿ ಹೈಸ್ಕೂಲಿನ ಹೊರಗೆ ಇನ್ನೊಂದು ಬೆಳವಣಿಗೆ ಆಯಿತು. ನಮಗೆ, ಅಂದರೆ ವಲಸೆ ಬಂದ ತಂದೆತಾಯಿಗಳಿಗೆ, ಇದು ಮುಖ್ಯ.

ಆಗ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ನಂಥ ಕಾಲೇಜುಗಳಿಗೆ ಪ್ರವೇಶ ಸಿಗುತ್ತಿದ್ದದ್ದು ಮುಖ್ಯವಾಗಿ ಪರೀಕ್ಷೆಯ ಅಂಕಗಳ ಮೇಲೆ. ಪೂರ್ವ ಯುರೋಪಿನಿಂದ ಬಂದ ಯಹೂದಿ ಕುಟುಂಬಗಳ ಮಕ್ಕಳು ಚೆನ್ನಾಗಿ ಓದಿ ದೊಡ್ಡ ಸಂಖ್ಯೆಯಲ್ಲಿ ಪಾಸಾಗಿ ಬರತೊಡಗಿದರು. ಹಾರ್ವರ್ಡಿನ ಅಧ್ಯಕ್ಷ ಲಾರೆನ್ಸ್ ಲೊವೆಲ್ ಅವರ ಸಂಖ್ಯೆಗೆ ಮಿತಿ ಹಾಕಬೇಕೆಂದು 1922ರಲ್ಲಿ ಹೊರಟರು. ಬಹಿರಂಗ ಮಿತಿಗೆ ವಿರೋಧ ಬಂತು. ಆಗ ಕಂಡುಕೊಂಡ ಉಪಾಯ ಬೇರೆ: ಅಂಕ ಒಂದೇ ಸಾಲದು, ನಡತೆ, ವ್ಯಕ್ತಿತ್ವ, ನಾಯಕತ್ವ, ಆಟೋಟಗಳನ್ನೂ ನೋಡೋಣ ಎಂಬುದು. ಫೋಟೋ ಕೇಳಿದರು, ಮನೆತನ ವಿಚಾರಿಸಿದರು. ಇವುಗಳನ್ನು ತೂಗುವ ತಕ್ಕಡಿ ಪ್ರವೇಶ ಕಚೇರಿಯ ಕೈಯಲ್ಲಿತ್ತು. ಯಹೂದಿ ವಿದ್ಯಾರ್ಥಿಗಳ ಸಂಖ್ಯೆ ಇಳಿಯಿತು.

ಕಾಲೇಜು ಅರ್ಜಿಯಲ್ಲಿ ಇವತ್ತು ನಾವು ತುಂಬಿಸುವ ಚಟುವಟಿಕೆಗಳ ಪಟ್ಟಿಗೆ ಒಂದು ಮೂಲ ಇಲ್ಲಿದೆ. ಕಾಲ ಬದಲಾಗಿದೆ, ಆ ಪಟ್ಟಿಯ ಉದ್ದೇಶಗಳೂ ಬದಲಾಗಿವೆ. ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ವಲಸೆಗಾರರ ಮಕ್ಕಳನ್ನು ಸೋಸಲು ಹಾಕಿದ್ದ ಜರಡಿಯನ್ನೇ ವಲಸೆಗಾರರಾದ ನಾವು ನಮ್ಮ ಮಕ್ಕಳ ಬಾಲ್ಯ ಅಳೆಯುವ ಸೇರು ಮಾಡಿಕೊಂಡಿದ್ದೇವೆ. ಹೀಗೆ ಕೊನೆಯ ಬೆಲ್ಲಿನ ನಂತರದ ಆ ಗಂಟೆಗಳಿಗೆ ಎರಡು ಚರಿತ್ರೆಗಳಾದವು. ಒಂದು, ಜೊತೆಯಾಗಿ ಬದುಕಲು ಕಲಿಯುವುದರ ಚರಿತ್ರೆ. ಇನ್ನೊಂದು, ಎಣಿಕೆಯ ಚರಿತ್ರೆ. ನಮ್ಮ ಮನೆಗಳಲ್ಲಿ ಹೆಚ್ಚು ಓಡಾಡುವುದು ಎರಡನೆಯದು. ಮೊದಲನೆಯದು ಎಷ್ಟು ದೊಡ್ಡದು ಎಂಬುದಕ್ಕೆ ಕೆಲವು ಉದಾಹರಣೆ ಕೊಡುತ್ತೇನೆ.

ಮಕ್ಕಳೇ ತೆರೆದ ಬಾಗಿಲುಗಳು

ವರ್ಜೀನಿಯ ರಾಜ್ಯದ ಫಾರ್ಮ್‌ವಿಲ್ ಊರಿನಲ್ಲಿ ಕಪ್ಪು ಮಕ್ಕಳಿಗೆಂದು ಮೋಟನ್ ಹೈಸ್ಕೂಲು ಇತ್ತು. 180 ಮಕ್ಕಳಿಗೆಂದು ಕಟ್ಟಿದ ಆ ಶಾಲೆಯಲ್ಲಿ 1951ರ ಹೊತ್ತಿಗೆ 450ಕ್ಕೂ ಹೆಚ್ಚು ಮಕ್ಕಳಿದ್ದರು. ಹೆಚ್ಚಾದವರಿಗೆ ಟಾರು ಕಾಗದ ಹೊದಿಸಿದ ಗುಡಿಸಲುಗಳು. ಜಿಮ್ ಇಲ್ಲ, ಕೆಫೆಟೇರಿಯ ಇಲ್ಲ. ಅಲ್ಲಿ ಓದುತ್ತಿದ್ದ 16 ವರ್ಷದ ಬಾರ್ಬರಾ ಜಾನ್ಸ್ ನಾಟಕ, ಗಾಯನವೃಂದ, ವಿದ್ಯಾರ್ಥಿ ಮಂಡಳಿಗಳಲ್ಲಿದ್ದ ಹುಡುಗಿ. ಆಕೆ ತನ್ನ ಬೇಸರವನ್ನು ಸಂಗೀತದ ಟೀಚರ್ ಹತ್ತಿರ ಹೇಳಿಕೊಂಡಳು. ಅದಕ್ಕೆ ನೀನೇ ಏನಾದರೂ ಮಾಡಬಾರದೇ ಎಂದು ಅವರು ಕೇಳಿದರು.

ಆಕೆ ಮಾಡಿದಳು. ಕೆಲವು ಸಹಪಾಠಿಗಳನ್ನು ಜೊತೆಗೆ ಸೇರಿಸಿಕೊಂಡು ತಿಂಗಳುಗಟ್ಟಲೆ ಗುಟ್ಟಾಗಿ ಯೋಜನೆ ಹಾಕಿದಳು. 1951ರ ಏಪ್ರಿಲ್ 23ರಂದು ಪ್ರಿನ್ಸಿಪಾಲರು ಶಾಲೆಯಿಂದ ಹೊರಗೆ ಹೋಗುವಂತೆ ಉಪಾಯ ಮಾಡಿ, ಎಲ್ಲರನ್ನೂ ಸಭಾಂಗಣಕ್ಕೆ ಕರೆಸಿ, ಟೀಚರ್‌ಗಳು ಹೊರಗೆ ಹೋಗಬೇಕೆಂದು ಕೇಳಿಕೊಂಡು ಮಾತಾಡಿದಳು. ಶಾಲೆಗೆ ಶಾಲೆಯೇ ಮುಷ್ಕರಕ್ಕೆ ಇಳಿಯಿತು. ಮೊದಲು ಅವರು ಕೇಳಿದ್ದು ಒಳ್ಳೆಯ ಕಟ್ಟಡ ಮಾತ್ರ. ವಕೀಲರು ಬಂದು, ಬಿಳಿಯರಿಗೊಂದು ಕರಿಯರಿಗೊಂದು ಎಂಬ ಪದ್ಧತಿಯನ್ನೇ ಪ್ರಶ್ನಿಸುವುದಾದರೆ ಕೇಸು ಹಿಡಿಯುತ್ತೇವೆ ಎಂದರು. ಮಕ್ಕಳೂ ಹೆತ್ತವರೂ ಒಪ್ಪಿದರು. ಶಾಲೆಗಳಲ್ಲಿ ಜನಾಂಗ ಭೇದ ಕಾನೂನುಬಾಹಿರ ಎಂದು 1954ರಲ್ಲಿ ಸುಪ್ರೀಂ ಕೋರ್ಟು ಕೊಟ್ಟ ಬ್ರೌನ್ ತೀರ್ಪಿನಲ್ಲಿ ಐದು ಕೇಸುಗಳು ಸೇರಿವೆ. ಅವುಗಳಲ್ಲಿ ಒಂದು ಈ ಮಕ್ಕಳದು. ಅದಕ್ಕೆ ಅವರು ತೆತ್ತ ಬೆಲೆಯೂ ದೊಡ್ಡದು. ಒಟ್ಟಿಗೆ ಕಲಿಸುವುದಕ್ಕಿಂತ ಶಾಲೆಯೇ ಬೇಡ ಎಂದು ಆ ಕೌಂಟಿ 1959ರಿಂದ 1964ರವರೆಗೆ ತನ್ನ ಪಬ್ಲಿಕ್ ಶಾಲೆಗಳನ್ನೇ ಮುಚ್ಚಿತು.

ಅಯೋವ ರಾಜ್ಯದ ಡೆಮಾಯಿನ್ ನಗರದಲ್ಲಿ 1965ರ ಡಿಸೆಂಬರಿನಲ್ಲಿ ಕೆಲವು ಮಕ್ಕಳು ವಿಯೆಟ್ನಾಂ ಯುದ್ಧದಲ್ಲಿ ಸತ್ತವರಿಗಾಗಿ ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಶಾಲೆಗೆ ಹೋದರು. ಶಾಲೆ ಅವರನ್ನು ಅಮಾನತು ಮಾಡಿತು. ಮೇರಿ ಬೆತ್ ಟಿಂಕರ್‌ಗೆ ಆಗ 13 ವರ್ಷ, ಅಣ್ಣ ಜಾನ್‌ಗೆ 15. ಶಾಲೆಯ ಗೇಟಿನೊಳಗೆ ಬಂದ ಮಾತ್ರಕ್ಕೆ ವಿದ್ಯಾರ್ಥಿಯ ವಾಕ್‌ಸ್ವಾತಂತ್ರ್ಯ ಹೋಗುವುದಿಲ್ಲ ಎಂದು 1969ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ಇವರ ಕೇಸಿನಲ್ಲಿ.

ಹವಾಯಿ ದ್ವೀಪಗಳ ಮಾವಿ ಹೈಸ್ಕೂಲಿನಲ್ಲಿ, ಎರಡನೇ ಮಹಾಯುದ್ಧದ ದಿನಗಳಲ್ಲಿ, ಜಪಾನಿ ಮೂಲದ ಒಬ್ಬ ಹುಡುಗಿ ವಿದ್ಯಾರ್ಥಿ ಸಂಘದ ಅಧ್ಯಕ್ಷೆಯಾಗಿ ಆಯ್ಕೆಯಾದಳು. ಜಪಾನಿ ಹೆಸರಿನವರನ್ನು ಅನುಮಾನದಿಂದ ನೋಡುತ್ತಿದ್ದ ಕಾಲ ಅದು. ಆಕೆಯೇ ಮುಂದೆ ಕಾಂಗ್ರೆಸ್ ಸದಸ್ಯೆಯಾದ ಪ್ಯಾಟ್ಸಿ ಮಿಂಕ್. ಹೆಣ್ಣುಮಕ್ಕಳಿಗೆ ಶಿಕ್ಷಣದಲ್ಲಿ ಭೇದ ಮಾಡಬಾರದು ಎನ್ನುವ 1972ರ ಟೈಟಲ್ ನೈನ್ ಕಾನೂನು ಬರೆದವರಲ್ಲಿ ಅವರೂ ಒಬ್ಬರು. ಆ ಕಾನೂನಿಗೆ ಮುಂಚೆ ದೇಶದ ಹೈಸ್ಕೂಲುಗಳಲ್ಲಿ ಟೀಮು ಸೇರಿ ಆಡುತ್ತಿದ್ದ ಹುಡುಗಿಯರು ಮೂರು ಲಕ್ಷಕ್ಕೂ ಕಡಿಮೆ. ಈಗ ಮೂವತ್ತು ಲಕ್ಷಕ್ಕೂ ಹೆಚ್ಚು. ನಮ್ಮ ಹೆಣ್ಣುಮಕ್ಕಳು ಬ್ಯಾಡ್ಮಿಂಟನ್ ರ‍್ಯಾಕೆಟ್ ಹಿಡಿದು ಶಾಲೆಯ ಬಸ್ಸು ಹತ್ತುವುದರ ಹಿಂದೆ ಈ ಕಥೆಯಿದೆ.

1984ರ ಸಮಾನ ಪ್ರವೇಶ ಕಾಯಿದೆ ಇನ್ನೊಂದು ಹೆಜ್ಜೆ. ಪಾಠಕ್ಕೆ ಸಂಬಂಧವಿಲ್ಲದ ಒಂದು ಕ್ಲಬ್ಬಿಗೆ ಜಾಗ ಕೊಟ್ಟ ಶಾಲೆ ವಿದ್ಯಾರ್ಥಿಗಳೇ ಕಟ್ಟಿದ ಇನ್ನೊಂದು ಕ್ಲಬ್ಬಿಗೆ ಅದರ ವಿಚಾರ ಹಿಡಿಸಲಿಲ್ಲ ಎಂದು ಜಾಗ ನಿರಾಕರಿಸುವಂತಿಲ್ಲ. ಧಾರ್ಮಿಕ ಗುಂಪುಗಳ ಒತ್ತಾಯದಿಂದ ಬಂದ ಈ ಕಾನೂನು ಮುಂದೆ ಬೇರೆ ಬೇರೆ ವಿಚಾರದ ಮಕ್ಕಳಿಗೆಲ್ಲ ನೆರಳಾಯಿತು. ನಮ್ಮ ಮಕ್ಕಳು ನಾಳೆ ತಮ್ಮ ಶಾಲೆಯಲ್ಲಿ ಒಂದು ಕನ್ನಡ ಕ್ಲಬ್ಬು ಕಟ್ಟುತ್ತೇವೆಂದರೆ ಆ ನೆರಳು ಅವರಿಗೂ ಇದೆ.

ಕೌನ್ಸೆಲರ್ ಕೋಣೆ

ಕೌನ್ಸೆಲರ್ ಎಂದ ಕೂಡಲೆ ನಮಗೆ ನೆನಪಾಗುವುದು ಕೋರ್ಸು ಆಯ್ಕೆ, ಕಾಲೇಜಿನ ಶಿಫಾರಸು ಪತ್ರ. ಆ ಹುದ್ದೆ ಹುಟ್ಟಿದ್ದೂ ಹಾಗೆಯೇ. 1908ರಲ್ಲಿ ಫ್ರಾಂಕ್ ಪಾರ್ಸನ್ಸ್ ಬಾಸ್ಟನ್ನಿನಲ್ಲಿ ತೆರೆದ ಕೇಂದ್ರ ಹುಡುಗರಿಗೆ ಯಾವ ಕೆಲಸ ಒಗ್ಗುತ್ತದೆ ಎಂದು ಸಲಹೆ ಕೊಡುತ್ತಿತ್ತು. 1957ರಲ್ಲಿ ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಹಾರಿಸಿತು. ಗಾಬರಿಯಾದ ಅಮೆರಿಕ ಮರುವರ್ಷವೇ ರಾಷ್ಟ್ರೀಯ ರಕ್ಷಣಾ ಶಿಕ್ಷಣ ಕಾಯಿದೆ ತಂದು, ವಿಜ್ಞಾನದ ಪ್ರತಿಭೆಗಳನ್ನು ಗುರುತಿಸಲೆಂದು ಕೌನ್ಸೆಲರ್‌ಗಳ ತರಬೇತಿಗೆ ಹಣ ಸುರಿಯಿತು. ಮಗುವಿನ ಮನಸ್ಸು ಹೇಗಿದೆ ಎಂದು ಕೇಳುವುದು ಆ ಕೋಣೆಯ ಮುಖ್ಯ ಕೆಲಸವೆಂದು ಒಪ್ಪಲು ಇನ್ನೂ ಬಹಳ ವರ್ಷ ಬೇಕಾಯಿತು. 250 ವಿದ್ಯಾರ್ಥಿಗಳಿಗೆ ಒಬ್ಬರಾದರೂ ಇರಬೇಕೆಂದು ಕೌನ್ಸೆಲರ್‌ಗಳ ರಾಷ್ಟ್ರೀಯ ಸಂಘ ಹೇಳುತ್ತದೆ. ಕ್ಯಾಲಿಫೋರ್ನಿಯದ ಬಹಳಷ್ಟು ಶಾಲೆಗಳು ಆ ಗುರಿಯನ್ನು ಇನ್ನೂ ಮುಟ್ಟಿಲ್ಲ.

ಆದರೂ ನಮ್ಮ ಮಕ್ಕಳು ಬೆಳೆದ ಈ ಹತ್ತು ವರ್ಷಗಳಲ್ಲಿ ಬದಲಾವಣೆ ವೇಗವಾಗಿ ಬಂದಿದೆ. 7ನೇ ತರಗತಿಯಿಂದ ಮೇಲಿನ ಶಾಲೆಗಳಿಗೆ ಆತ್ಮಹತ್ಯೆ ತಡೆಯುವ ಲಿಖಿತ ನೀತಿ ಇರಲೇಬೇಕೆಂದು ಕ್ಯಾಲಿಫೋರ್ನಿಯ 2016ರಲ್ಲಿ ಕಾನೂನು ಮಾಡಿತು. 2019ರ ಜುಲೈನಿಂದ ಆ ಮಕ್ಕಳ ಐಡಿ ಕಾರ್ಡಿನ ಮೇಲೆ ಸಹಾಯವಾಣಿಯ ನಂಬರ್ ಅಚ್ಚಾಗುತ್ತಿದೆ. ಹರೆಯದ ಮಕ್ಕಳಿಗೆ ನಿದ್ದೆ ಸಾಲುತ್ತಿಲ್ಲ, ಶಾಲೆ 8:30ಕ್ಕಿಂತ ಮೊದಲು ಶುರುವಾಗಬಾರದು ಎಂದು ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲಿ ಹೇಳಿತ್ತು. 2019ರಲ್ಲಿ ಕ್ಯಾಲಿಫೋರ್ನಿಯ ಅದನ್ನು ಹೈಸ್ಕೂಲುಗಳಿಗೆ ಕಾನೂನಾಗಿಸಿತು, 2022ರಿಂದ ಅದು ಜಾರಿಯಲ್ಲಿದೆ. ಜ್ವರ ಬಂದಾಗ ರಜೆ ಇರುವಂತೆ ಮನಸ್ಸು ಕುಗ್ಗಿದಾಗಲೂ ರಜೆ ಎಂದು 2021ರ ಕಾನೂನು ಒಪ್ಪಿತು. ದೇಶದ ಎಲ್ಲೆಡೆಯಿಂದ 988 ಎಂಬ ಮೂರೇ ಅಂಕೆಯ ನಂಬರಿಗೆ ಕರೆ ಮಾಡುವ ವ್ಯವಸ್ಥೆ ಬಂದದ್ದು 2022ರ ಜುಲೈನಲ್ಲಿ. ಮಕ್ಕಳ ಐಡಿ ಕಾರ್ಡನ್ನು ಒಮ್ಮೆ ಕೈಗೆ ತೆಗೆದುಕೊಂಡು ನೋಡಿ. ಅದರ ಮೇಲಿನ ನಂಬರಿನ ಬಗ್ಗೆ ಮನೆಯಲ್ಲಿ ಮಾತಾಡಿದ್ದೇವೆಯೇ ಎಂದು ನಮ್ಮನ್ನು ನಾವೇ ಕೇಳಿಕೊಳ್ಳೋಣ.

ಈ ಮಾತನ್ನು ಇಡೀ ದೇಶಕ್ಕೆ ಗಟ್ಟಿಯಾಗಿ ಹೇಳಿದವರು ನಮ್ಮವರೇ ಎನ್ನಬಹುದಾದ ಒಬ್ಬರು. ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದ ಕುಟುಂಬದಲ್ಲಿ ಹುಟ್ಟಿ, ಮಯಾಮಿಯ ಪಬ್ಲಿಕ್ ಹೈಸ್ಕೂಲಿನಲ್ಲಿ ಓದಿದ ಡಾ. ವಿವೇಕ್ ಮೂರ್ತಿ ಅಮೆರಿಕದ ಸರ್ಜನ್ ಜನರಲ್ ಆಗಿ 2021ರ ಡಿಸೆಂಬರಿನಲ್ಲಿ ಮಕ್ಕಳ ಮಾನಸಿಕ ಆರೋಗ್ಯದ ಬಗ್ಗೆ ದೇಶಕ್ಕೆ ಎಚ್ಚರಿಕೆಯ ವರದಿ ಕೊಟ್ಟರು. ಬಿಡದೆ ಕಾಡುವ ದುಃಖ, ಹತಾಶೆ ಇದೆ ಎಂದು ಹೇಳಿಕೊಂಡ ಹೈಸ್ಕೂಲು ವಿದ್ಯಾರ್ಥಿಗಳು 2019ರಲ್ಲೇ, ಅಂದರೆ ಕೋವಿಡ್‌ಗೂ ಮುಂಚೆಯೇ, ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಎಂದು ಅದು ಹೇಳಿತು. 2023ರಲ್ಲಿ ಅವರು ಒಂಟಿತನದ ಬಗ್ಗೆ ಇನ್ನೊಂದು ವರದಿ ಕೊಟ್ಟರು. ಜನರ ನಡುವಿನ ನಂಟು ಆರೋಗ್ಯಕ್ಕೆ ಅನ್ನ ನೀರಿನಷ್ಟೇ ಅಗತ್ಯ ಎಂಬುದು ಅದರ ಸಾರ. 1918ರ ಪಟ್ಟಿಯಲ್ಲಿ ಆರೋಗ್ಯ ಮೊದಲಿದ್ದದ್ದಕ್ಕೆ ಈಗ ಹೊಸ ಅರ್ಥ ಬಂದಿದೆ. ನಾಟಕದ ತಾಲೀಮು, ಟೀಮಿನ ಬಸ್ಸು, ಕ್ಲಬ್ಬಿನ ಪಿಜ್ಜಾ ಇವೆಲ್ಲ ಒಂದು ಮಗುವನ್ನು ಒಂಟಿಯಾಗಲು ಬಿಡದ ವ್ಯವಸ್ಥೆಗಳೂ ಹೌದು. ಆದರೆ ಪಟ್ಟಿ ತುಂಬಲೆಂದು ಸೇರಿದ ಆರು ಕ್ಲಬ್ಬುಗಳ ನಡುವೆಯೂ ಮಗು ಒಂಟಿಯಾಗಿರಬಹುದು.

ಮನೆಮಾತು ಶಾಲೆಯೊಳಗೆ ಬಂದದ್ದು

ಈ ಚರಿತ್ರೆಯಲ್ಲಿ ಕನ್ನಡ ಶಾಲೆಗೂ ಒಂದು ಜಾಗವಿದೆ. ಒಂದು ನೂರು ವರ್ಷಗಳ ಹಿಂದೆ ಹವಾಯಿಯಲ್ಲಿ ಜಪಾನಿ ಮಕ್ಕಳು ಪಬ್ಲಿಕ್ ಶಾಲೆ ಮುಗಿಸಿಕೊಂಡು ಸಂಜೆ ಜಪಾನಿ ಭಾಷಾ ಶಾಲೆಗೆ ಹೋಗುತ್ತಿದ್ದರು. ಅಲ್ಲಿನ ಸರ್ಕಾರ ಆ ಶಾಲೆಗಳ ಮೇಲೆ ತಲೆಗೊಂದು ಡಾಲರಿನಂತೆ ಶುಲ್ಕ, ಶಿಕ್ಷಕರಿಗೆ ಪರವಾನಗಿ, ಗಂಟೆಗಳ ಮಿತಿ ಎಂದು ಕಟ್ಟುಪಾಡು ಹೇರಿತು. ಜಪಾನಿ ಹೆತ್ತವರು ಸೇರಿ ಕೋರ್ಟಿಗೆ ಹೋದರು. 1927ರಲ್ಲಿ ಸುಪ್ರೀಂ ಕೋರ್ಟು ಅವರ ಪರ ನಿಂತಿತು. ನಾವು ವಾರಾಂತ್ಯದಲ್ಲಿ ಯಾರ ಅಂಜಿಕೆಯೂ ಇಲ್ಲದೆ ಕಾಗುಣಿತ ಕಲಿಸುತ್ತಿದ್ದೇವೆ ಎಂದರೆ ಆ ಹೆತ್ತವರಿಗೂ ಒಂದು ನಮಸ್ಕಾರ ಸಲ್ಲಬೇಕು.

ಆದರೆ ಮನೆಮಾತು ಹೈಸ್ಕೂಲಿನ ಒಳಗೆ ಬರುವುದು ಇನ್ನೂ ಕಷ್ಟವಿತ್ತು. ಪೂರ್ವ ಲಾಸ್ ಏಂಜಲಿಸ್‌ನ ಶಾಲೆಗಳಲ್ಲಿ ಸ್ಪ್ಯಾನಿಷ್ ಮಾತಾಡಿದ ಮಕ್ಕಳಿಗೆ ಶಿಕ್ಷೆಯಾಗುತ್ತಿತ್ತು. ಕಾಲೇಜಿನ ಆಸೆ ಬಿಟ್ಟು ಕೈಕೆಲಸ ಕಲಿಯಿರಿ ಎಂಬ ಬುದ್ಧಿವಾದ ಅವರಿಗೆ ಸಿಗುತ್ತಿತ್ತು. 1968ರ ಮಾರ್ಚಿನಲ್ಲಿ ಗಾರ್ಫೀಲ್ಡ್, ರೂಸ್‌ವೆಲ್ಟ್, ಲಿಂಕನ್, ವಿಲ್ಸನ್, ಬೆಲ್ಮಾಂಟ್ ಹೈಸ್ಕೂಲುಗಳ ಸಾವಿರಾರು ಮೆಕ್ಸಿಕನ್ ಅಮೆರಿಕನ್ ವಿದ್ಯಾರ್ಥಿಗಳು ತರಗತಿ ಬಿಟ್ಟು ಬೀದಿಗೆ ಬಂದರು. ನಮ್ಮ ಭಾಷೆ, ನಮ್ಮ ಇತಿಹಾಸ ಪಾಠದಲ್ಲಿ ಇರಲಿ ಎಂಬುದು ಅವರ ಬೇಡಿಕೆಗಳಲ್ಲಿ ಒಂದು. ಅವರ ಬೆಂಬಲಕ್ಕೆ ನಿಂತ ಲಿಂಕನ್ ಹೈಸ್ಕೂಲಿನ ಟೀಚರ್ ಸಾಲ್ ಕ್ಯಾಸ್ಟ್ರೊ ಜೈಲು ನೋಡಬೇಕಾಯಿತು.

ಅಂಥ ರಾಜ್ಯವೇ 2011ರಲ್ಲಿ ದೇಶದಲ್ಲಿ ಮೊದಲು ದ್ವಿಭಾಷಾ ಮುದ್ರೆಯ ಕಾನೂನು ತಂದಿತು. ಇಂಗ್ಲಿಷಿನ ಜೊತೆ ಇನ್ನೊಂದು ಭಾಷೆಯಲ್ಲಿ ಓದಿ, ಬರೆದು, ಮಾತಾಡಬಲ್ಲ ವಿದ್ಯಾರ್ಥಿಯ ಡಿಪ್ಲೊಮದ ಮೇಲೆ ಅದಕ್ಕೊಂದು ಮುದ್ರೆ. ಕನ್ನಡಕ್ಕೆ ಎಪಿ ಪರೀಕ್ಷೆ ಇಲ್ಲ. ಆದರೆ ಅಂಥ ಭಾಷೆಗಳಿಗೆ ಶಾಲಾ ಜಿಲ್ಲೆಯೇ ತಕ್ಕ ಮಟ್ಟದ ಪರೀಕ್ಷೆ ನಡೆಸಬಹುದು ಎಂದು ಕಾನೂನಿನಲ್ಲೇ ದಾರಿ ಬಿಟ್ಟಿದ್ದಾರೆ. ಶಿಕ್ಷೆಗೆ ಕಾರಣವಾಗಿದ್ದ ಮನೆಮಾತಿಗೆ ಮುದ್ರೆ ಸಿಗಲು 43 ವರ್ಷ ಬೇಕಾಯಿತು.

ನಮ್ಮ ಪಾಲು

ಈ ಕಥೆಗಳಲ್ಲಿ ಒಂದು ಸಾಮಾನ್ಯ ಎಳೆ ಇದೆ. ಬಾರ್ಬರಾ ಜಾನ್ಸ್ ಆಗಲಿ, ಟಿಂಕರ್ ಅಣ್ಣತಂಗಿಯರಾಗಲಿ, ಲಾಸ್ ಏಂಜಲಿಸ್‌ನ ಮಕ್ಕಳಾಗಲಿ ಯಾರೂ ಅರ್ಜಿಯಲ್ಲಿ ಬರೆಯಲೆಂದು ಮಾಡಿದವರಲ್ಲ. ಜೊತೆಯಲ್ಲಿರುವವರ ಕಷ್ಟ ತಮ್ಮದೆನಿಸಿದಾಗ ಮಾಡಿದರು. ಆ ಧೈರ್ಯಕ್ಕೆ ತಾಲೀಮು ಸಿಗುವುದು ನಾಟಕದಲ್ಲಿ, ಚರ್ಚೆಯಲ್ಲಿ, ವಿದ್ಯಾರ್ಥಿ ಮಂಡಳಿಯ ಸಣ್ಣಪುಟ್ಟ ಜಗಳಗಳಲ್ಲಿ. ಹಿಂದೆ ನಿಂತು ಕೇಳಿಸಿಕೊಳ್ಳುವ ಒಬ್ಬ ಸಂಗೀತದ ಟೀಚರ್, ಒಬ್ಬ ಮೇಷ್ಟ್ರು ಇದ್ದಾಗ ಅದು ಬೆಳೆಯುತ್ತದೆ.

ಕಾಲೇಜು ಪ್ರವೇಶದ ಚಿಂತೆ ಸುಳ್ಳಲ್ಲ. ಎಲ್ಲ ಬಿಟ್ಟುಬಿಡಿ ಎಂದು ಹೇಳುವ ಹಕ್ಕು ಯಾರಿಗೂ ಇಲ್ಲ. ಆದರೆ ಪಾಲಕರಾಗಿ ನಾವು ಕೇಳುವ ಪ್ರಶ್ನೆ ಬದಲಾಯಿಸಬಹುದು. ಎಷ್ಟು ಕ್ಲಬ್ಬು, ಯಾವ ಪದವಿ ಎಂದು ಕೇಳುವ ಬದಲು ಅಲ್ಲಿ ನಿನ್ನ ಪಕ್ಕ ಯಾರು ಕೂರುತ್ತಾರೆ, ಯಾರು ಒಬ್ಬರೇ ಕೂರುತ್ತಾರೆ ಎಂದು ಕೇಳೋಣ. ಶಿಕ್ಷಕರಾಗಿ ನಾವೂ ಯೋಚಿಸಬೇಕು. ದ್ವಿಭಾಷಾ ಮುದ್ರೆ ಬರಲಿ, ಸಂತೋಷ. ಆದರೆ ನಾವು ಕಲಿಸಿದ ಕನ್ನಡ ಮುದ್ರೆಯ ಸಾಲಿನಲ್ಲೇ ನಿಂತುಬಿಟ್ಟರೆ ಸಾಲದು. ಬೇಸರ, ಭಯ, ಸೋಲು ಇವನ್ನು ಅಜ್ಜಿಯ ಹತ್ತಿರವೋ ಅಮ್ಮನ ಹತ್ತಿರವೋ ಹೇಳಿಕೊಳ್ಳಲು ಬೇಕಾದ ಮಾತುಗಳು ಮಕ್ಕಳ ಬಾಯಲ್ಲಿ ಇರಬೇಕು. "ಚೆನ್ನಾಗಿದ್ದೀನಿ" ಎಂಬುದನ್ನು ಮೊದಲನೇ ವಾರವೇ ಕಲಿಸುತ್ತೇವೆ. "ಮನಸ್ಸು ಸರಿಯಿಲ್ಲ" ಎಂದು ಹೇಳುವುದನ್ನೂ ಕಲಿಸಬೇಕು. ಹಾಗೆ ಹೇಳಿದಾಗ ಬೈಯದೆ ಕೇಳಿಸಿಕೊಳ್ಳುವುದನ್ನು ದೊಡ್ಡವರಾದ ನಾವು ಕಲಿಯಬೇಕು.

ಪದವಿ ಪಡೆಯುತ್ತಿರುವ ಮಕ್ಕಳಿಗೆಲ್ಲ ಅಭಿನಂದನೆಗಳು. ವರ್ಷಗಟ್ಟಲೆ ವಾರಾಂತ್ಯದ ನಿದ್ದೆ ಬಿಟ್ಟು ಬಂದ ನಿಮಗೆ, ನಿಮ್ಮನ್ನು ಕರೆತಂದ ಹೆತ್ತವರಿಗೆ, ಸಂಬಳವಿಲ್ಲದೆ ಕಲಿಸಿದ ಶಿಕ್ಷಕರಿಗೆ ಈ ದಿನ ಸೇರಿದ್ದು. ಮುಂದೆ ಹೋಗುವ ಕಾಲೇಜಿನಲ್ಲಿ ಕೊನೆಯ ಬೆಲ್ ಎಂಬುದು ಇರುವುದಿಲ್ಲ. ಜೊತೆಗಾರರನ್ನು ನೀವೇ ಹುಡುಕಿಕೊಳ್ಳಬೇಕು, ಒಬ್ಬರೇ ಕೂತವರ ಪಕ್ಕ ನೀವೇ ಹೋಗಿ ಕೂರಬೇಕು. ಶುಭವಾಗಲಿ.